ಬಿದ್ದವರನ್ನು ನಂಬದ ರೆಫ್ರಿ

ರಾಯಚೂರು ಜಿಲ್ಲೆಯ ಫುಟ್‌ಬಾಲ್ ಮೈದಾನಗಳಲ್ಲಿ ಇಪ್ಪತ್ತೆರಡು ವರ್ಷ ಸೀಟಿ ಊದಿದ್ದೇನೆ. ಇಪ್ಪತ್ತೆರಡು ವರ್ಷವೂ ಬೈಸಿಕೊಂಡಿದ್ದೇನೆ. ನಮ್ಮಪ್ಪ, ನಮ್ಮವ್ವ, ನನ್ನ ಕಣ್ಣು, ನನ್ನ ಹೊಟ್ಟೆ, ನಾನು ತಿಂದೆನೆಂದು ಅವರೇ ಕಟ್ಟಿದ ಲಂಚದ ಕತೆ, ಯಾವುದನ್ನೂ ಬಿಟ್ಟಿಲ್ಲ ಆ ಜನ. ಅದರಲ್ಲಿ ಒಂದೂ ನನಗೆ ಸಲ್ಲತಕ್ಕದ್ದಾಗಿರಲಿಲ್ಲ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಸಲ್ಲತಕ್ಕ ಬೈಗುಳ ನನಗೆ ಸಿಕ್ಕಿದ್ದು ಒಂದೇ ಸಲ, ರಗ್ಬಿಯ ದೆಸೆಯಿಂದ, ದೇವದುರ್ಗದ ಹತ್ತಿರದ ಒಂದು ಹಳ್ಳಿಯ ಮನೆಯಲ್ಲಿ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಎಲುಬಿನ ವಿಷಯ ಅದು. ಅಲ್ಲಿಗೆ ಹೋಗುವ ಮೊದಲು ನಾನು ಇಷ್ಟು ಕಹಿಯಾದದ್ದು ಹೇಗೆ ಎಂದು ಹೇಳಬೇಕು.

ನಾನು ಸರ್ಕಾರಿ ಹೈಸ್ಕೂಲೊಂದರ ಪಿ.ಟಿ. ಮಾಸ್ತರ. ರವಿವಾರ ಮತ್ತು ಸೂಟಿಯ ದಿನ ಕಪ್ಪು ಅಂಗಿ, ಕಪ್ಪು ಚಡ್ಡಿ ಹಾಕಿಕೊಂಡು ರಾಯಚೂರು, ಮಾನ್ವಿ, ಶಕ್ತಿನಗರ ಎಂದು ಟೂರ್ನಮೆಂಟುಗಳಿಗೆ ಓಡಾಡುತ್ತಿದ್ದೆ. ಯಾಕೆ ಎಂದು ಕೇಳುವುದನ್ನು ನನ್ನ ಹೆಂಡತಿ ಬಿಟ್ಟು ಎಷ್ಟೋ ವರ್ಷವಾಯಿತು. ನನಗೆ ಆ ಆಟ ಇಷ್ಟ. ಆಡುವವರು ಇಷ್ಟವಿಲ್ಲ. ನೋಡುವವರ ಮುಖ ಕೂಡ ನೋಡಬೇಕು ಅನ್ನಿಸುವುದಿಲ್ಲ.

ನಮ್ಮ ಕಡೆಯ ಫುಟ್‌ಬಾಲ್ ಆಟಗಾರ ಚೆಂಡು ಒದೆಯುವುದಕ್ಕಿಂತ ಮೊದಲು ಬೀಳುವುದನ್ನು ಕಲಿಯುತ್ತಾನೆ. ಮೊಬೈಲ್ ನೋಡಿ ಕಲಿತದ್ದು. ಯುರೋಪಿನ ಯಾವುದೋ ಕ್ಲಬ್ಬಿನ ಜೆರ್ಸಿ ಹಾಕಿಕೊಂಡಿರುತ್ತಾನೆ, ಅಲ್ಲಿನ ದೊಡ್ಡ ಆಟಗಾರನ ಹಾಗೆ ತಲೆಕೂದಲು ಕತ್ತರಿಸಿಕೊಂಡಿರುತ್ತಾನೆ, ಅವನು ಬೀಳುವ ಹಾಗೆಯೇ ಬೀಳುತ್ತಾನೆ. ಎದುರಿನವನ ಗಾಳಿ ಸೋಕಿದರೆ ಸಾಕು, ಮೊಣಕಾಲು ಹಿಡಿದುಕೊಂಡು ಮೂರು ಉರುಳು. ಒಂದು ಕಣ್ಣು ಮುಚ್ಚಿರುತ್ತದೆ. ಇನ್ನೊಂದು ಕಣ್ಣು ನನ್ನ ಕೈ ಜೇಬಿಗೆ ಹೋಯಿತೋ ಇಲ್ಲವೋ ಎಂದು ನೋಡುತ್ತಿರುತ್ತದೆ. ಕಾರ್ಡು ತೋರಿಸಿದರೆ ನೋವು ಅಲ್ಲಿಯೇ ವಾಸಿ. ತೋರಿಸದಿದ್ದರೆ ಹತ್ತು ಮಂದಿ ಓಡಿಬಂದು ನನ್ನ ಮುಖದ ಮುಂದೆ ಎದೆಯುಬ್ಬಿಸಿ ನಿಲ್ಲುತ್ತಾರೆ. ಕೆಂಪು ಕಾರ್ಡು ಕಂಡವನು ಮೈದಾನ ಬಿಡಲಿಕ್ಕೆ ಐದು ನಿಮಿಷ ಬೇಕು. ಅಂಗಿ ಬಿಚ್ಚುತ್ತಾನೆ, ಉಗುಳುತ್ತಾನೆ, ಗೆರೆಯ ತನಕ ಹೋಗಿ ಏನೋ ನೆನಪಾದವನಂತೆ ತಿರುಗಿ ಬಂದು ಇನ್ನೊಂದು ಮಾತು ಅನ್ನುತ್ತಾನೆ. ಇದನ್ನು ನಾನು ನೂರು ಸಲ ನೋಡಿದ್ದೇನೆ.

ಒಂದು ಸಲ ಮಾತ್ರ ಪೂರ್ತಿ ಮೋಸ ಹೋದೆ. ರಾಯಚೂರಿನ ಸ್ಟೇಡಿಯಂನಲ್ಲಿ ಸೆಮಿಫೈನಲ್. ಹನ್ನೊಂದರ ಬಿಸಿಲು, ನೆಲ ಕಾದ ಹಂಚು. ಮುಂಚೂಣಿಯಲ್ಲಿ ಆಡುವ ಹುಡುಗನೊಬ್ಬ ಗೋಲಿನ ಹತ್ತಿರ ಬಿದ್ದು ಎಂಥ ಕೂಗು ಕೂಗಿದನೆಂದರೆ ಸೀಟಿ ಊದುತ್ತಲೇ ಅವನ ಹತ್ತಿರ ಓಡಿದೆ. ಕಾಲು ಮುರಿಯಿತು ಎಂದೇ ತಿಳಿದೆ. ನಾಲ್ಕು ಮಂದಿ ಎತ್ತಿಕೊಂಡು ಹೋದರು. ನಾನೇ ಆಟೋ ತರಿಸಲು ಹೇಳಿದೆ, ಪೆನಾಲ್ಟಿ ಕೊಟ್ಟೆ, ಅವನನ್ನು ತಡೆದ ಪಾಪದ ಹುಡುಗನಿಗೆ ಕೆಂಪು ಕಾರ್ಡು ತೋರಿಸಿ ಕಳಿಸಿದೆ. ಪೆನಾಲ್ಟಿ ಹೊಡೆಯಲು ಬಂದದ್ದು ಯಾರು? ಆ ಮುರಿದ ಕಾಲಿನವನೇ. ಕುಂಟುತ್ತ ಬಂದ, ಹೊಡೆದ, ಗೋಲಾಯಿತು, ಕುಣಿದ. ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಲು ಬಂಡಿಯ ಹತ್ತಿರ ಹೋದರೆ ಅವನು ಅಲ್ಲಿಯೇ ಗೆಳೆಯರಿಗೆ ತಾನು ಹೇಗೆ ಉರುಳಿದೆ, ನಾನು ಹೇಗೆ ಗಾಬರಿಯಾದೆ ಎಂದು ಅಭಿನಯ ಮಾಡಿ ತೋರಿಸುತ್ತಿದ್ದ. ನನ್ನನ್ನು ನೋಡಿದ ಮೇಲೂ ನಿಲ್ಲಿಸಲಿಲ್ಲ. ತಟ್ಟೆ ಅಲ್ಲಿಯೇ ಇಟ್ಟು ಮನೆಗೆ ಬಂದೆ. ಬಿದ್ದವರನ್ನು ಇನ್ನು ಈ ಜನ್ಮದಲ್ಲಿ ನಂಬುವುದಿಲ್ಲ ಎಂದು ಅವತ್ತು ನಿಶ್ಚಯ ಮಾಡಿಕೊಂಡೆ.

ಪ್ರೇಕ್ಷಕರದು ಇನ್ನೊಂದು ಪುರಾಣ. ಮಾನ್ವಿಯಲ್ಲಿ ರೈಸ್ ಮಿಲ್ಲಿನ ಪಕ್ಕದ ಬಯಲಿನಲ್ಲಿ ಫೈನಲ್ ನಡೆದಾಗ ಕನ್ನಡ, ಉರ್ದು, ತೆಲುಗು ಮೂರರಲ್ಲೂ ಬೈಗುಳ ಬಂದವು. ಕೊನೆಯ ನಿಮಿಷದಲ್ಲಿ ಆಫ್‌ಸೈಡ್ ಕೊಟ್ಟೆ, ಊರಿನ ತಂಡ ಸೋತಿತು. ಜನ ಗೆರೆ ದಾಟಿ ಒಳಗೆ ನುಗ್ಗಿದರು. ನನ್ನ ಅಂಗಿಯ ತೋಳು ಹರಿಯಿತು, ಯಾರದೋ ಚಪ್ಪಲಿ ಕಿವಿಯ ಪಕ್ಕದಲ್ಲೇ ಹೋಯಿತು. ಮಿಲ್ಲಿನವರು ನನ್ನನ್ನು ಒಳಗೆ ಎಳೆದುಕೊಂಡು ಭತ್ತದ ಚೀಲಗಳ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ಒಂದು ತಾಸು ಆ ಧೂಳಿನಲ್ಲಿ ಸೀನುತ್ತ ಕುಳಿತೆ. ಹೊರಗೆ ಕೂಗುತ್ತಿದ್ದವರಲ್ಲಿ ಆಫ್‌ಸೈಡ್ ಎಂದರೇನು ಎಂದು ಬಲ್ಲವರು ಐದು ಮಂದಿಯೂ ಇರಲಿಕ್ಕಿಲ್ಲ. ಆ ಜನದ ಮೇಲೆ ನನಗೆ ಬಂದ ಹೇಸಿಗೆ ಇನ್ನೂ ಹೋಗಿಲ್ಲ.

ಹೀಗಿರುವಾಗ ನಮ್ಮ ಜಿಲ್ಲೆಗೆ ರಗ್ಬಿ ಬಂತು. ಇಲಾಖೆಯಿಂದ ಆದೇಶ ಬಂತು, ಉದ್ದನೆಯ ಚೆಂಡುಗಳ ಒಂದು ಚೀಲ ಬಂತು, ಅದರ ಹಿಂದೆ ಒಬ್ಬ ಕೋಚ್ ಬಂದ. ಮೈಸೂರು ಕಡೆಯ ಹುಡುಗ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ರಾಯಚೂರಿನಲ್ಲಿ ಪಿ.ಟಿ. ಮಾಸ್ತರರನ್ನೆಲ್ಲ ಕೂಡಿಸಿ ಎರಡು ದಿನ ಶಿಬಿರ ನಡೆಸಿದ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಹಿಂದಕ್ಕೆ ಮಾತ್ರ ಎಸೆಯಬೇಕು, ಓಡುವವರನ್ನು ಸೊಂಟ ಹಿಡಿದು ಕೆಡವಬಹುದು. ಇಷ್ಟು ಕೇಳಿದ ಮೇಲೆ ಇದು ಕುಸ್ತಿಯೇ, ಚೆಂಡು ನೆಪಕ್ಕೆ ಎಂದು ನಾವೆಲ್ಲ ನಕ್ಕೆವು.

ಕೋಚ್ ನಗಲಿಲ್ಲ. ಫುಟ್‌ಬಾಲಿನವರ ಹಾಗಲ್ಲ ನಮ್ಮವರು ಎಂದು ಶುರು ಮಾಡಿದ. ರಗ್ಬಿಯಲ್ಲಿ ರೆಫ್ರಿಯ ಹತ್ತಿರ ಕ್ಯಾಪ್ಟನ್ ಒಬ್ಬನೇ ಮಾತಾಡಬೇಕು, ಅದೂ ಸರ್ ಎಂದು ಕರೆದು. ಎದುರು ಮಾತಾಡಿದರೆ ಶಿಕ್ಷೆ. ಎದುರಾಳಿ ಗುರಿ ಇಟ್ಟು ಒದೆಯುವಾಗ ಪ್ರೇಕ್ಷಕರು ಸುಮ್ಮನಿರಬೇಕು. ಆಟ ಮುಗಿದ ಮೇಲೆ ಎರಡೂ ತಂಡ ಎರಡು ಸಾಲಾಗಿ ನಿಂತು, ನಡುವೆ ಹೋಗುವವರಿಗೆ ಚಪ್ಪಾಳೆ ತಟ್ಟಬೇಕು. ನೋವಾದರೂ ತೋರಿಸಿಕೊಳ್ಳುವುದಿಲ್ಲ ನಮ್ಮವರು, ಬೀಳುತ್ತಾರೆ, ಏಳುತ್ತಾರೆ ಎಂದ. ಹೇಳುವಾಗ ಅವನ ಮುಖದಲ್ಲಿ ಮಡಿ ಉಟ್ಟವನ ಗತ್ತು ಇತ್ತು. ನನಗೆ ಅವನೂ ಸೇರಲಿಲ್ಲ. ಆದರೆ ಆ ಮಾತುಗಳು ಬೇಕಾಗಿದ್ದವು. ಇಪ್ಪತ್ತೆರಡು ವರ್ಷ ಬೈಸಿಕೊಂಡು, ಮಾನ್ವಿಯ ಚಪ್ಪಲಿ ತಪ್ಪಿಸಿಕೊಂಡವನಿಗೆ ಚಪ್ಪಾಳೆಯ ಸಾಲು ಎಂದರೆ ಸಣ್ಣ ಮಾತೇ? ಇನ್ನೊಂದು ನಿಯಮವನ್ನೂ ಅವನು ಹೇಳಿದ್ದ. ಯಾರಿಗಾದರೂ ಪೆಟ್ಟಾದರೆ ಪ್ರಥಮ ಚಿಕಿತ್ಸೆಯವರು ರೆಫ್ರಿಯನ್ನು ಕೇಳದೆ ಒಳಗೆ ಬರಬಹುದು, ಆಟ ನಡೆದಿದ್ದರೂ ಬರಬಹುದು. ಫುಟ್‌ಬಾಲಿನಲ್ಲಿ ರೆಫ್ರಿ ಕೈ ಮಾಡದೆ ಒಂದು ನೊಣವೂ ಒಳಗೆ ಬರುವಂತಿಲ್ಲ. ಅವನು ಹೇಳಿದ್ದನ್ನು ಕೇಳಿದ್ದೆ. ಕೇಳಿ ಮರೆತೆ.

ಆ ಚಳಿಗಾಲದಲ್ಲಿ ದೇವದುರ್ಗದ ಹುಡುಗಿಯರಿಗೂ ಮಾನ್ವಿಯ ಹುಡುಗಿಯರಿಗೂ ಪಂದ್ಯ ಇಟ್ಟರು. ಏಳು ಜನರ ತಂಡ, ಏಳೇಳು ನಿಮಿಷದ ಎರಡು ಭಾಗ. ಹನ್ನೆರಡು ದಿನ ಕಳೆದು ರಾಯಚೂರಿನಲ್ಲಿ ಕ್ರೀಡಾ ಹಾಸ್ಟೆಲ್ಲಿನ ಆಯ್ಕೆ ಇತ್ತು. ಈ ಪಂದ್ಯದಲ್ಲಿ ಚೆನ್ನಾಗಿ ಆಡಿದ ಇಬ್ಬರ ಹೆಸರನ್ನು ಅದಕ್ಕೆ ಕಳಿಸಬೇಕು. ದೇವದುರ್ಗದ ತಂಡದಲ್ಲಿ ಕುರಿ ಕಾಯುವ ಮನೆಯ ಹುಡುಗಿಯೊಬ್ಬಳಿದ್ದಳು, ಒಂಬತ್ತನೇ ಕ್ಲಾಸು, ಕಡ್ಡಿಯಂಥ ಕಾಲು, ಗಾಳಿಯಂಥ ಓಟ. ಅವಳ ಊರಿನಲ್ಲಿ ಹತ್ತರ ಮೇಲೆ ಓದುವ ದಾರಿ ಇಲ್ಲ. ಹಾಸ್ಟೆಲ್ಲಿನ ಸೀಟು ಸಿಕ್ಕರೆ ಊಟ, ವಸತಿ, ಕಾಲೇಜು ಎಲ್ಲವೂ ಸಿಗುತ್ತದೆ. ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿಗೆ ಓದು ಮುಗಿದಂತೆ. ಕೋಚ್ ಇದನ್ನೆಲ್ಲ ಬೆಳಿಗ್ಗೆಯೇ ನನಗೆ ಹೇಳಿ, ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ ಎಂದಿದ್ದ. ಊದಬೇಕಾಗಿದ್ದ ರೆಫ್ರಿ ಬರಲಿಲ್ಲ. ಸೀಟಿ ನನ್ನ ಕೈಗೆ ಬಂತು.

ದೇವದುರ್ಗದ ಮೈದಾನದ ನೆಲವನ್ನು ಟ್ರ್ಯಾಕ್ಟರಿನಿಂದ ಹರಗಿ, ನೀರು ಹೊಡೆದು ಮೆತ್ತಗೆ ಮಾಡಿದ್ದರು. ಸುತ್ತ ಶಾಲೆಯ ಮಕ್ಕಳು, ಕೆಲವು ತಾಯಿ-ತಂದೆಯರು. ಯಾರಿಗೂ ನಿಯಮ ಗೊತ್ತಿಲ್ಲ, ಎರಡೂ ಕಡೆಗೆ ಕೈ ತಟ್ಟುತ್ತಿದ್ದರು. ಮಾನ್ವಿಯ ಹುಡುಗಿಯೊಬ್ಬಳು ಗುರಿ ಇಟ್ಟು ಒದೆಯಲು ನಿಂತಾಗ ಕೋಚ್ ತುಟಿಯ ಮೇಲೆ ಬೆರಳಿಟ್ಟ. ಇಡೀ ಮೈದಾನ ಸುಮ್ಮನಾಯಿತು. ದೂರದ ಹಿಟ್ಟಿನ ಗಿರಣಿಯ ಸದ್ದು ಕೇಳಿಸಿತು. ಕುತ್ತಿಗೆ ಹಿಡಿದು ಕೆಡವಿದ ಒಬ್ಬ ಹುಡುಗಿಗೆ ಹಳದಿ ಕಾರ್ಡು ತೋರಿಸಿದೆ. ಅವಳು ತಲೆ ಬಗ್ಗಿಸಿ, ತುಟಿ ಪಿಟಕ್ಕೆನ್ನದೆ ಹೊರಗೆ ಹೋಗಿ ಎರಡು ನಿಮಿಷ ಕುಳಿತಳು. ನಾನು ಅವಳನ್ನೇ ನೋಡುತ್ತ ನಿಂತುಬಿಟ್ಟೆ. ಇಂಥ ಆಟಗಾರರು ಇರುತ್ತಾರೆಯೇ ಅನ್ನಿಸಿತು.

ಎರಡನೆಯ ಭಾಗ ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ. ಆ ಕುರಿಯವರ ಹುಡುಗಿ ಚೆಂಡು ಹಿಡಿದು ಗೆರೆಯ ಪಕ್ಕದಲ್ಲಿ ಓಡುತ್ತಿದ್ದಳು. ಮಾನ್ವಿಯ ಇಬ್ಬರು ಸೊಂಟಕ್ಕೆ ಬಿದ್ದರು. ಕೆಡವಿದ್ದು ನಿಯಮದಂತೆಯೇ ಇತ್ತು. ಹುಡುಗಿ ಎಡ ಹೆಗಲಿನ ಮೇಲೆ ಬಿದ್ದಳು, ಚೆಂಡು ಕೈ ಬಿಟ್ಟಿತು, ಆಟ ಮುಂದಕ್ಕೆ ಹೋಯಿತು. ಅವಳು ಏಳಲಿಲ್ಲ. ಕೂಗಲೂ ಇಲ್ಲ. ಮಗ್ಗುಲಾಗಿ ಮಲಗಿಕೊಂಡು ನೆಲ ನೋಡುತ್ತಿದ್ದಳು.

ನನ್ನ ಕಣ್ಣಿಗೆ ಕಂಡದ್ದು ಅವಳಲ್ಲ. ಸ್ಟೇಡಿಯಂನಲ್ಲಿ ಉರುಳಿ, ಒಗ್ಗರಣೆ ಬಂಡಿಯ ಮುಂದೆ ನನ್ನನ್ನು ಅಣಕಿಸಿದ ಆ ಹುಡುಗ ಕಂಡ. ಬಂತಪ್ಪಾ ಇಲ್ಲಿಗೂ ಈ ರೋಗ ಎಂದು ನೆತ್ತಿಗೆ ಸಿಟ್ಟು ಏರಿತು. ಕೋಚ್ ಔಷಧದ ಪೆಟ್ಟಿಗೆ ಹಿಡಿದುಕೊಂಡು ಒಳಗೆ ಓಡಿಬರುತ್ತಿದ್ದ. ನಾನು ಕೈ ಚಾಚಿ, ಹೊರಗೆ ನಿಲ್ಲು ಎಂದು ಗದರಿದೆ. ಅವನು ಗಕ್ಕನೆ ನಿಂತ. ಪೆಟ್ಟಿಗೆ ಹಿಡಿದುಕೊಂಡೇ ಗೆರೆಯ ಆಚೆಗೆ ಹೋದ. ನಾನು ಹುಡುಗಿಯ ಮೇಲೆ ಬಗ್ಗಿ ಹೇಳಿದ್ದು ಇಷ್ಟು:

"ಏಳು, ನಾಟಕ ಸಾಕು. ಏಳಂದ್ರ ಏಳು."

ಅವಳು ಎದ್ದಳು. ಎದ್ದು ಉಳಿದ ಐದು ನಿಮಿಷ ಆಡಿದಳು. ಎಡಗೈಯಿಂದ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಓಡುತ್ತಿದ್ದಳು. ಅದನ್ನು ನಾನು ನೋಡಿದೆ. ನೋಡಿ, ಏನು ಸ್ಟೈಲು ಇವಳದು ಅಂದುಕೊಂಡೆ. ಒಮ್ಮೆ ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯಲು ಹೋಗಿ ಬಿಟ್ಟಳು, ಅದಕ್ಕೂ ಮನಸ್ಸಿನಲ್ಲೇ ಬೈದೆ. ಒದರಿದರೆ ಹೀಗೆ ಎದ್ದು ಓಡುತ್ತಾರೆ ಎಂದು ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಕೊಟ್ಟುಕೊಂಡೆ.

ಕೊನೆಯ ಸೀಟಿ ಊದಿದೆ. ಎರಡು ತಂಡಗಳೂ ಎರಡು ಸಾಲಾಗಿ ನಿಂತವು. ನನ್ನನ್ನೂ ನಡುವೆ ಕರೆದರು. ಹದಿನಾಲ್ಕು ಹುಡುಗಿಯರು ಚಪ್ಪಾಳೆ ತಟ್ಟುತ್ತ ಥ್ಯಾಂಕ್ಯೂ ಸರ್, ಥ್ಯಾಂಕ್ಯೂ ಸರ್ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನನಗಾಗಿ ಯಾರೂ ಕೈ ತಟ್ಟಿರಲಿಲ್ಲ. ಸುಳ್ಳೇಕೆ ಹೇಳಲಿ, ಬೇಕೆಂದೇ ನಿಧಾನ ನಡೆದೆ. ಆ ಸಂತೋಷದಲ್ಲಿ ಸಾಲಿನ ಕೊನೆಗೆ ಬಂದೆ. ಅಲ್ಲಿ ಆ ಹುಡುಗಿ ಇದ್ದಳು. ಅವಳ ಎಡಗೈ ಮೇಲೆ ಬರುತ್ತಿರಲಿಲ್ಲ. ಬಲ ಅಂಗೈಯಿಂದ ತನ್ನ ತೊಡೆಯನ್ನು ತಟ್ಟಿ ಚಪ್ಪಾಳೆ ಮಾಡುತ್ತಿದ್ದಳು. ಮುಖ ಬೂದಿಯಾಗಿತ್ತು, ಮೇಲ್ತುಟಿಯ ಮೇಲೆ ಬೆವರು ಸಾಲಾಗಿ ನಿಂತಿತ್ತು. ಥ್ಯಾಂಕ್ಯೂ ಸರ್ ಎಂದಳು. ಆಮೇಲೆ ಅಲ್ಲಿಯೇ ಮೆಲ್ಲಗೆ ಕುಸಿದು ಕುಳಿತಳು.

ಕೋಚ್ ಅವಳ ಅಂಗಿಯ ಕೊರಳನ್ನು ಸ್ವಲ್ಪ ಸರಿಸಿದ. ಕೊರಳಿನ ಬುಡದ ಎಲುಬು ಚರ್ಮದ ಕೆಳಗೆ ಮೊಳೆಯ ಹಾಗೆ ಎದ್ದು ನಿಂತಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದ ಡಾಕ್ಟರು, ಕಾಲರ್ ಬೋನ್ ಮುರಿದಿದೆ, ಮುರಿದ ಮೇಲೆ ಆಡಿದ್ದರಿಂದ ತುದಿಗಳು ಸರಿದಿವೆ, ಇಲ್ಲದಿದ್ದರೆ ಬೇಗ ಕೂಡುತ್ತಿತ್ತು ಎಂದರು. ಮೂರು ತಿಂಗಳು ಆಟದ ಮಾತೇ ಇಲ್ಲ. ಹನ್ನೆರಡು ದಿನದ ಮೇಲಿನ ಆಯ್ಕೆಯ ಬಗ್ಗೆ ಯಾರೂ ಅವರನ್ನು ಕೇಳಲಿಲ್ಲ. ಹುಡುಗಿಗೆ ಪಟ್ಟಿ ಕಟ್ಟುವಾಗ ನಾನು ಪಕ್ಕದಲ್ಲಿ ನಿಂತು, ಯಾಕವ್ವಾ ಹೇಳಲಿಲ್ಲ ನೀನು ಎಂದು ಕೇಳಿದೆ. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಅದೇ ನನ್ನನ್ನು ಸುಟ್ಟಿತು.

"ನೀವು ಏಳು ಅಂದ್ರಿ ಸರ್. ರೆಫ್ರಿಗಿ ಎದುರು ಮಾತಾಡಬಾರದು ಅಂತ ಕೋಚ್ ಸರ್ ಹೇಳ್ಯಾರ."

ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಕೋಚ್‌ಗೆ ಬಾಯಿಗೆ ಬಂದ ಹಾಗೆ ಬೈದೆ. ನಿನಗೆ ನಿಯಮ ಗೊತ್ತಿತ್ತು, ನನಗೆ ನೆನಪಿರಲಿಲ್ಲ, ನನ್ನನ್ನು ತಳ್ಳಿ ಒಳಗೆ ಬರಬೇಕಾಗಿತ್ತು, ಕೆನ್ನೆಗೆ ಹೊಡೆಯಬೇಕಾಗಿತ್ತು ಎಂದೆ. ಅವನು ಮೆಲ್ಲನೆ, ರೆಫ್ರಿ ಕೈ ತೋರಿಸಿದ ಮೇಲೆ ನಾವು ಹಾಗೆಲ್ಲ ಮಾಡುವುದಿಲ್ಲ ಸರ್ ಎಂದ. ಆ ಸಭ್ಯತೆಯ ಮೇಲೆ ಉಗುಳಬೇಕು ಅನ್ನಿಸಿತು. ಇದೇ ಮಾನ್ವಿಯ ಆ ಬಯಲಾಗಿದ್ದರೆ? ಅವಳ ಕಡೆಯ ಐವತ್ತು ಮಂದಿ ಗೆರೆ ದಾಟಿ ಒಳಗೆ ನುಗ್ಗುತ್ತಿದ್ದರು, ನನ್ನ ಅಂಗಿ ಹರಿಯುತ್ತಿದ್ದರು, ತಲೆಯನ್ನೂ ಒಡೆಯುತ್ತಿದ್ದರೇನೋ. ಆಟ ನಿಲ್ಲುತ್ತಿತ್ತು. ಆ ಎಲುಬು ಸರಿಯುತ್ತಿರಲಿಲ್ಲ. ಫುಟ್‌ಬಾಲಿನವರು ಬಿದ್ದು ಸುಳ್ಳು ಹೇಳುತ್ತಾರೆ, ಈ ರಗ್ಬಿಯವರು ನಿಂತುಕೊಂಡು ಹೇಳುತ್ತಾರೆ. ಇಷ್ಟನ್ನು ಅವನಿಗೆ ಅಂದೆ. ಆದರೆ ಏಳು ಎಂದವನು ಅವನಲ್ಲ, ನಾನು.

ನಾನು ಅವಳ ಮನೆಗೆ ಹೋಗಿ ನಡೆದದ್ದನ್ನು ಹೇಳಬೇಕೆಂದಾಗ ಕೋಚ್ ಬೇಡವೆಂದ. ಅವಳ ತಾಯಿಗೆ ಆಡುವಾಗ ಬಿದ್ದಳು ಎಂದಷ್ಟೇ ಹೇಳಿದ್ದನಂತೆ. ಮೊದಲ ವರ್ಷ, ಆಟದ ಹೆಸರು ಕೆಟ್ಟರೆ ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ ಎಂದ. ಅದರಲ್ಲಿ ನಿಜವೂ ಇತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಆಯ್ಕೆಯವರಿಗೆ ಒಂದು ಪತ್ರ ಬರೆದೆ, ತಪ್ಪು ನನ್ನದು, ಹುಡುಗಿಗೆ ಇನ್ನೊಂದು ದಿನ ಕೊಡಿ ಎಂದು. ಮುಂದಿನ ವರ್ಷ ಆಯ್ಕೆ ನಡೆದರೆ ಬರಲಿ ಎಂದು ಉತ್ತರ ಬಂತು. ಅದನ್ನು ಜೇಬಿನಲ್ಲಿಟ್ಟುಕೊಂಡು ರಾಯಚೂರಿನಿಂದ ದೇವದುರ್ಗದ ಬಸ್ ಹತ್ತಿದೆ. ಅಲ್ಲಿಂದ ಅವಳ ಹಳ್ಳಿಗೆ ಟಂಟಂ ಆಟೋ.

ಮನೆಯ ಮುಂದೆ ಮರಿಗಳ ಗೂಡು, ಒಳಗೆ ಕಂಬಳಿಯ ವಾಸನೆ. ತಂದೆ ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದ. ಹುಡುಗಿ ಎಡಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿಟ್ಟುಕೊಂಡು ಹಗ್ಗದ ಹೊರಸಿನ ಮೇಲೆ ಕುಳಿತಿದ್ದಳು. ತಾಯಿ, ಬರ್ರಿ ಮಾಸ್ತರ ಎಂದು ಕಂಬಳಿ ಹಾಸಿ ನೀರು ಕೊಟ್ಟಳು. ನಾನು ಕೂರಲಿಲ್ಲ, ಚೊಂಬು ಕೈಯಲ್ಲೇ ಹಿಡಿದು ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಬಿದ್ದದ್ದು, ನಾನು ನಂಬದೆ ಇದ್ದದ್ದು, ಪೆಟ್ಟಿಗೆ ತಂದವನನ್ನು ಹೊರಗೆ ಅಟ್ಟಿದ್ದು, ನಾಟಕ ಎಂದದ್ದು. ಆಯ್ಕೆಯವರು ಕೊಟ್ಟ ಉತ್ತರವನ್ನೂ ಹೇಳಿದೆ. ತಾಯಿ ಚೊಂಬನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು.

ಆಮೇಲೆ ಬೈಗುಳ ಶುರುವಾಯಿತು. ಓದಿದವನು ಅಂತೀಯ, ಕೂಸಿನ ಮುಖ ನೋಡಿದರೆ ತಿಳಿಯಲಿಲ್ಲವೇ ಎಂದಳು. ಬರ್ರಿ ಎಂದು ಕರೆದವಳು ಮೊದಲ ಬೈಗುಳಕ್ಕೇ ಏಕವಚನಕ್ಕೆ ಬಂದಿದ್ದಳು. ನನ್ನ ಕಣ್ಣು, ನನ್ನ ಕಲ್ಲೆದೆ, ನನ್ನ ಸರ್ಕಾರಿ ನೌಕರಿ ಎಲ್ಲವೂ ಬಂದವು. ಎಲ್ಲ ಹಳೆಯ ಬೈಗುಳಗಳೇ, ಮಾನ್ವಿಯಲ್ಲಿ ಕೇಳಿದವೇ. ಒಂದು ಮಾತ್ರ ಹೊಸದು.

"ಬಿದ್ದ ಕುರೀನ ಎಬ್ಬಸೂದಕ್ಕಿಂತ ಮೊದ್ಲು ಕಾಲು ಮುಟ್ಟಿ ನೋಡ್ತೀವಿ ನಾವು. ಮೂಕ ಜೀವ, ಅದಕ್ಕ ಹೇಳಾಕ ಬರಂಗಿಲ್ಲ ಅಂತ. ನನ್ನ ಮಗಳು ನಿನಗ ಕುರಿಗಿಂತ ಕಡಿಮಿ ಆದ್ಲೇನು?"

ಹೊರಸಿನ ಮೇಲಿಂದ ಹುಡುಗಿ ಸಣ್ಣ ದನಿಯಲ್ಲಿ ತಾಯಿಯನ್ನು ತಡೆದಳು.

"ಯವ್ವಾ, ರೆಫ್ರಿಗಿ ಹಂಗ ಅನ್ನಬಾರದು. ಕ್ಯಾಪ್ಟನ್ ಒಬ್ಬಾಕಿನೇ ಮಾತಾಡಬೇಕು."

"ಈ ಮನಿಗಿ ಕ್ಯಾಪ್ಟನ್ ನಾನ ಅದೀನಿ. ನೀ ಸುಮ್ಮ ಕುಂದ್ರು."

ನಗು ಬರಬೇಕಾದ ಮಾತು. ಯಾರೂ ನಗಲಿಲ್ಲ. ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಮಗಳ ಜೋಳಿಗೆಯ ಗಂಟನ್ನು ಸರಿಮಾಡಿದಳು. ಮತ್ತೆ ಮಾತಾಡಿದಾಗ ಬಹುವಚನಕ್ಕೆ ಮರಳಿದ್ದಳು. ಆ ಮರ್ಯಾದೆ ಬೈಗುಳಕ್ಕಿಂತ ಜೋರಾಗಿ ತಾಗಿತು.

"ಎಲುವು ಕೂಡಿದ ಮ್ಯಾಲ ಆಕಿ ಆಡೇ ಆಡ್ತಾಳ, ನಾ ತಡಿಯಂಗಿಲ್ಲ. ಆದ್ರ ಸೀಟಿ ನಿಮ್ಮ ಬಾಯಾಗ ಇರಬಾರದು. ಹೋಗಿಬರ್ರಿ."

ನಾನು ಎಷ್ಟು ಜನರಿಗೆ ಕೆಂಪು ಕಾರ್ಡು ತೋರಿಸಿದ್ದೇನೋ ಲೆಕ್ಕವಿಲ್ಲ. ಸುಮ್ಮನೆ ಹೊರಗೆ ಹೋದವನನ್ನು ಒಬ್ಬನನ್ನೂ ಕಂಡಿಲ್ಲ. ಇಪ್ಪತ್ತೆರಡು ವರ್ಷದ ಸೇವೆ, ಮಾನ್ವಿಯ ಚಪ್ಪಲಿ, ಆ ಉರುಳಿದವನ ಮೋಸ ಎಲ್ಲ ನಾಲಿಗೆಯ ತುದಿಗೆ ಬಂದಿದ್ದವು. ನುಂಗಿಕೊಂಡೆ. ತಲೆ ಬಗ್ಗಿಸಿ, ಚಪ್ಪಲಿ ಮೆಟ್ಟಿಕೊಂಡು, ಮರಿಗಳ ಗೂಡು ದಾಟಿ ಹೊರಗೆ ಬಂದೆ. ತಿರುಗಿ ನೋಡಲಿಲ್ಲ. ಆಮೇಲೆ ಯಾವ ಮೈದಾನದಲ್ಲೂ ಸೀಟಿ ಊದಿಲ್ಲ.